ಗಾಜಿನಾಚೆ ಸೋಪಕ್ಕ

ಆ ಕಚೇರಿಯ ಹೆಡ್ ಕ್ಲರ್ಕಿಗೆ ಎಲ್ಲರೂ ಇಟ್ಟ ಹೆಸರು ಸೋಪಕ್ಕ. ಬಾಗಿಲನ್ನು ಮೊಣಕೈಯಿಂದಲೇ ತಳ್ಳುತ್ತಾಳೆ, ಫೋನಿಗೂ ದಿನಾ ಸ್ನಾನ ಮಾಡಿಸುತ್ತಾಳೆ. ಕಡತದ ಹಾಳೆ ತಿರುವಲು ಯಾರಾದರೂ ಬೆರಳನ್ನು ನಾಲಿಗೆಗೆ ಒಯ್ದರೆ ಸಾಕು, ಹಾವು ತುಳಿದವಳಂತೆ ಹೌಹಾರುತ್ತಾಳೆ. ಸೀನಿದವರನ್ನು, "ಏನಪ್ಪಾ, ನಿನ್ನ ನೆಗಡಿಗೂ ಹಾಜರಿ ಹಾಕಬೇಕಾ? ಮನೆಗೆ ಹೋಗಿ ಮಲಗು" ಎಂದು ಅಟ್ಟಿ, ಅವರ ಕೆಲಸವನ್ನೂ ತಾನೇ ಗೊಣಗುತ್ತಾ ಮುಗಿಸುತ್ತಾಳೆ. ಮೊನ್ನೆ ಟೈಪಿಸ್ಟ್ ಹುಡುಗಿ ತನ್ನ ಎಳೆಗೂಸನ್ನು ತೋರಿಸಲು ತಂದಾಗ, ಎತ್ತಿಕೊಳ್ಳಲು ಮುಗಿಬಿದ್ದವರ ಕೈಯನ್ನೆಲ್ಲ ತೊಳೆಸಿದವಳೂ ಅವಳೇ. "ನೀವೂ ಎತ್ಕೊಳ್ಳಿ ಅಕ್ಕಾ" ಎಂದು ತಾಯಿ ಕರೆದರೆ, "ಈಗಷ್ಟೇ ಗಂಟಲು ಕೆರೆಯೋಕೆ ಶುರುವಾಯ್ತು ಕಣೇ, ನಾನು ಮನೆಗೆ ಹೊರಟೆ" ಎಂದು ಚೀಲ ಎತ್ತಿಕೊಂಡಳು. ಹೊರಟವಳು ಗಾಜಿನ ಬಾಗಿಲಾಚೆ ನಿಂತು, ತಾನೇ ಹೆಣೆದು ಕಳಿಸಿದ್ದ ಟೋಪಿ ಕೂಸಿನ ತಲೆಗೆ ಸರಿಹೋಗಿದೆಯಾ ಎಂದು ಬಹಳ ಹೊತ್ತು ನೋಡಿದಳು.