ನಮ್ಮ ಮನೆ ದಾಟಿ ಹೋದ ಬನ್ನಿ

ದಸರೆಯ ಸಂಜೆ ದಸ್ತಗೀರ ಮಾಮಾ ನಮ್ಮ ಎಡಗಡೆ ಮನೆಯವರಿಗೆ ಬನ್ನಿ ಕೊಟ್ಟರು. ಬಲಗಡೆ ಮನೆಯವರಿಗೂ ಕೊಟ್ಟರು. ನಡುವೆ ಇದ್ದ ನಮ್ಮ ಮನೆಯನ್ನು ಮಾತ್ರ ತಲೆ ತಗ್ಗಿಸಿ ದಾಟಿಕೊಂಡು ಹೋದರು.

ನಾನು ಬಾಗಿಲಲ್ಲೇ ನಿಂತಿದ್ದೆ. ಮೈಮೇಲೆ ಹೊಸ ಇಳಕಲ್ ಸೀರೆ, ಕೈಯಲ್ಲಿ ಬನ್ನಿ ಎಲೆ, ಒಳಗೆ ಹೋಳಿಗೆಯ ತಟ್ಟೆ ತಯಾರು. ಅವರು ನನ್ನನ್ನು ನೋಡಲಿಲ್ಲ ಅನ್ನೋಣವೆಂದರೆ, ನೋಡಿದರು! ನೋಡಿ, ಟೋಪಿ ಸರಿಮಾಡಿಕೊಂಡು, ಮುಂದೆ ನಡೆದರು.

ದಸರೆಯ ದಿನ ಬನ್ನಿ ಎಲೆ ಕೈಗಿಟ್ಟು 'ಬನ್ನಿ ತಗೊಂಡು ಬಂಗಾರದಂಗ ಇರೋಣ' ಅನ್ನುವುದು ನಮ್ಮ ಕಡೆಯ ರಿವಾಜು. ವರ್ಷವಿಡೀ ಹೊಲದ ಬದುವಿಗಾಗಿ ಬಡಿದಾಡಿದವರೂ ಅಂದು ಒಂದು ಎಲೆ ಕೊಟ್ಟು, ಕೈ ಮುಗಿದು, ಜಗಳ ಮುಗಿಸುತ್ತಾರೆ. (ಮರುದಿನ ಮತ್ತೆ ಶುರುವಾಗುವುದು ಬೇರೆ ಮಾತು.) ಅಂಥ ದಿನ ಎಲೆ ಕೊಡದೆ ಹೋದರೆ ಏನರ್ಥ? ಜಗಳ ಇದೆ, ಅದನ್ನು ಬಿಡುವ ಮನಸ್ಸಿಲ್ಲ ಅಂತ ತಾನೇ?

ಮಹಾರಾಷ್ಟ್ರದ ಗಡಿಯೊಳಗಿನ ಉಮದಿಯಲ್ಲಿ ನಮ್ಮದು, ಮಾಮಾಂದು ಹಿತ್ತಲ ಗೋಡೆಗೆ ಗೋಡೆ ಹತ್ತಿದ ಮನೆ. ಅವರದು ನದಾಫರ ಮನೆತನ, ಹತ್ತಿ ಹಿಂಜಿ ಗಾದಿ, ತಲೆದಿಂಬು ಹೊಲಿಯುವ ಅಂಗಡಿ. ನಾನು ಸೊಸೆಯಾಗಿ ಬಂದಾಗಿನಿಂದ ನೋಡಿದ್ದೇನೆ, ದಸರೆಗೆ ನಮ್ಮ ಹೊಸ್ತಿಲು ದಾಟಿ ಬರುವ ಮೊದಲ ಬನ್ನಿ ಅವರದೇ. ನೇರ ನಮ್ಮತ್ತೆಯ ಹತ್ತಿರ ಹೋಗಿ, ಅಕ್ಕಾ ಬಂಗಾರದಂಗ ಇರೋಣು ಅನ್ನುವರು. ಅತ್ತೆ ಎಲೆ ಇಸಿದುಕೊಂಡು, ಬಂಗಾರ ಆಮೇಲೆ ನೋಡೋಣ, ಮೊದಲು ನನ್ನ ತಲೆದಿಂಬಿನ ಗಂಟು ತೆಗಿ ಎಂದು ಗದರಿ, ಹೋಳಿಗೆಯ ತಟ್ಟೆ ಮುಂದಿಡುವರು. ಪ್ರತಿ ವರ್ಷ ಅದೇ ಮಾತು, ಅದೇ ನಗು.

ಈ ಬೇಸಿಗೆಯಲ್ಲಿ ಅತ್ತೆ ತೀರಿಕೊಂಡರು.

ದಸರೆ ಮಾಡಬೇಕೋ ಬೇಡವೋ ಎಂದು ಮನೆಯಲ್ಲಿ ಮಾತು ಬಂತು. ಲಿಂಗ ಕಟ್ಟಿದವರಿಗೆ ಎಂಥ ಸೂತಕ, ಅವ್ವ ಶಿವನ ಪಾದ ಸೇರಿದಳು, ಹಬ್ಬ ಮಾಡು ಎಂದರು ನಮ್ಮ ಮನೆಯವರು. ನನಗೂ ಅದೇ ಬೇಕಿತ್ತು. ಅತ್ತೆಯ ಬೈಗುಳವಿಲ್ಲದ ಮನೆ ಬಿಕೋ ಅನ್ನುತ್ತಿತ್ತು, ಒಂದು ದಿನವಾದರೂ ಜನ ಬಂದು ಗದ್ದಲವಾಗಲಿ ಅನಿಸಿತ್ತು. ಮುಖ್ಯವಾಗಿ ಮಾಮಾ ಬರುತ್ತಾರಲ್ಲ, ಅತ್ತೆಯ ಪಾಲಿನ ಬನ್ನಿಯನ್ನು ನಾನು ತೆಗೆದುಕೊಳ್ಳುತ್ತೇನೆ ಅಂದುಕೊಂಡಿದ್ದೆ. ನಂಟರು ಬಂದರು, ಬೀಗರು ಬಂದರು, ನಮ್ಮ ಮನೆಯವರ ಬೀಜದ ಅಂಗಡಿಯ ಗಿರಾಕಿಗಳೂ ಬಂದರು. ಮಾಮಾ ಬರಲಿಲ್ಲ.

ಯಾಕೆ ಬರಲಿಲ್ಲ ಎಂಬುದು ನನಗೆ ನಿಂತ ಕಾಲಲ್ಲೇ ಗೊತ್ತಾಯಿತು. ಕಾರಣ, ಪತ್ರಿಕೆಯ ಈ ನನ್ನ ಕಾಲಮ್ಮು!

ನಿಮಗೆ ನೆನಪಿರಬಹುದು. ಗಣಪತಿ ಹಬ್ಬ ಮುಗಿದ ಮೇಲೆ ಇದೇ ಜಾಗದಲ್ಲಿ ಹಬ್ಬದ ಶುಭಾಶಯಗಳ ಬಗ್ಗೆ ಬರೆದಿದ್ದೆ. ನಮ್ಮೂರ ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ಈದ್ ಮುಬಾರಕ್ ಹಾಕಿದ್ದಕ್ಕೆ ನಮ್ಮ ಪೈಕಿಯ ಹುಡುಗನೊಬ್ಬ, ಇಲ್ಲಿ ನಮ್ಮ ಹಬ್ಬ ಅಷ್ಟೇ ಸಾಕು ಎಂದು ಬರೆದು ಸಿಟ್ಟಿನ ಮುಖ ಅಂಟಿಸಿದ್ದ. ಅವನನ್ನು ಚೆನ್ನಾಗಿ ಬೆಂಡೆತ್ತಿದ್ದೆ. ಅಷ್ಟಕ್ಕೇ ಪೆನ್ನಿನ ಟೊಪ್ಪಿಗೆ ಹಾಕಿದ್ದರೆ ಆಗುತ್ತಿತ್ತು. ತಕ್ಕಡಿ ಸಮ ಇರಬೇಕಲ್ಲ? ಆ ಕಡೆಯದೂ ಒಂದು ಪ್ರಸಂಗ ಇರಲಿ ಎಂದು ಇರ್ಫಾನನನ್ನು ಎಳೆದು ತಂದೆ.

ಇರ್ಫಾನ್ ಮಾಮಾನ ಮಗ. ಮಿರಜಿನಲ್ಲಿ ಫ್ರಿಜ್ ರಿಪೇರಿ ಕಲಿತು ಬಂದಿದ್ದಾನೆ. ಈಗೀಗ ಗಡ್ಡ ಬಿಟ್ಟಿದ್ದಾನೆ, ಐದು ಹೊತ್ತಿನ ನಮಾಜು ತಪ್ಪಿಸುವುದಿಲ್ಲ. ಗಣಪತಿ ಕೂರಿಸಿದ ದಿನ ಎದುರು ಸಿಕ್ಕಾಗ ನಾನು ಹಬ್ಬದ ಶುಭಾಶಯ ಹೇಳಿದೆ. ನಕ್ಕ, ತಿರುಗಿ ಹೇಳಲಿಲ್ಲ. ಯಾಕೋ ಎಂದು ಕೆದಕಿದೆ. ತನ್ನ ನಂಬಿಕೆಯ ಪ್ರಕಾರ ತಾನು ಹಾಗೆ ಹೇಳುವುದಿಲ್ಲ, ಕಾಕು (ಅಂದರೆ ನಾನು) ತಪ್ಪು ತಿಳಿಯಬಾರದು ಅಂದ. ಕಾಕು ತಪ್ಪು ತಿಳಿದಳು. ತಿಳಿದು ಸುಮ್ಮನಿದ್ದಳೇ? ಶುಭಾಶಯ ಹೇಳಿದರೆ ನಾಲಿಗೆ ಸವೆಯುತ್ತದೆಯೇ ಎಂದು ಪತ್ರಿಕೆಯಲ್ಲಿ ಕೇಳಿದಳು. ಅವನ ಹೆಸರು ಹಾಕಿರಲಿಲ್ಲ. 'ನಮ್ಮ ಓಣಿಯ ಗಾದಿ ಅಂಗಡಿಯ ಹುಡುಗ' ಎಂದಷ್ಟೇ ಬರೆದಿದ್ದೆ. (ನಮ್ಮ ಓಣಿಯಲ್ಲಿ ಗಾದಿ ಅಂಗಡಿ ಇರುವುದು ಒಂದೇ.)

ಓದುಗರು ಫೋನ್ ಮಾಡಿ ಭೇಷ್ ಅಂದರು. ನಾನೂ ಉಬ್ಬಿದೆ. ಈಗ ನೋಡಿ, ಅದರ ಉತ್ತರ ದಸರೆಯ ಸಂಜೆ ನಮ್ಮ ಬಾಗಿಲ ಮುಂದೆ ತಲೆ ತಗ್ಗಿಸಿಕೊಂಡು ಹೋಯಿತು.

ಮನೆಯವರು ಮಾಮಾನ ಪಾಲಿನ ಹೋಳಿಗೆಯನ್ನು ತುಪ್ಪದಲ್ಲಿ ಅದ್ದಿ ತಿನ್ನುತ್ತ, ಕಾಲಮ್ಮು ಬರೆಯುವವರ ನೆರೆಯಲ್ಲಿ ಇರುವುದು ಕಷ್ಟ, ಗಂಡನಾಗಿ ಇರುವುದು ಇನ್ನೂ ಕಷ್ಟ ಎಂದರು. ನನಗೆ ಒಂದು ತುತ್ತೂ ಇಳಿಯಲಿಲ್ಲ.

ಹೋಗಿ ತಪ್ಪಾಯಿತು ಅಂದುಬಿಡೋಣ ಎಂದರೆ ಧೈರ್ಯ ಬೇಕಲ್ಲ. ಮಾಮಾನ ಹೆಂಡತಿ ಮಾಲನ ಮಾವಶಿ ಇದ್ದಿದ್ದರೆ ಹಿತ್ತಲ ಬಾಗಿಲಿನಿಂದ ಹೋಗಿ ಅಡುಗೆಮನೆಯಲ್ಲೇ ಸಂಧಾನ ಮಾಡಿಕೊಳ್ಳುತ್ತಿದ್ದೆ. ಅವರು ಮಗಳ ಬಾಣಂತನಕ್ಕೆಂದು ಸೊಲ್ಲಾಪುರದಲ್ಲಿದ್ದರು. ಇರ್ಫಾನ್ ಕಂಡರೆ ನಾನೇ ಸೆರಗು ಸರಿಪಡಿಸಿಕೊಂಡು ಬೇರೆ ಕಡೆ ನೋಡುತ್ತಿದ್ದೆ. ಕೊನೆಗೆ ಒಂದು ಉಪಾಯ ಮಾಡಿದೆ. ಚಲೋ ಇದ್ದ ಗಾದಿಯನ್ನೇ ಹಿಂಜಲು ಕೊಟ್ಟು ಬಂದೆ. ಹೋದ ವರ್ಷವೇ ಹಿಂಜಿಸಿದ್ದಿರಲ್ಲ ಎಂದರು ಮಾಮಾ. ಗಂಟಾಗಿದೆ ಎಂದೆ. ಅವರು ಗಾದಿಯನ್ನು ಒತ್ತಿ ನೋಡಿದರು, ನನ್ನನ್ನು ನೋಡಿದರು, ಒಳಗಿಟ್ಟುಕೊಂಡರು. ಒಂದು ಚೇಷ್ಟೆಯ ಮಾತಿಲ್ಲ. ಮರುದಿನ ಗಾದಿ ಹೂವಿನಂತಾಗಿ ಮನೆಗೆ ಬಂತು, ಮಾತು ಬರಲಿಲ್ಲ.

ಆಮೇಲೆ ನನಗೆ ಸಿಟ್ಟು ಬಂತು. ಅದೇನು, ಇಷ್ಟು ವರ್ಷದ ನೆರೆಯನ್ನು ಒಂದು ಬರಹಕ್ಕೆ ಹರಿದುಕೊಳ್ಳುವುದೇ? ಎಲ್ಲ ಊರುಗಳಲ್ಲಿ ಬೀಸುವ ಗಾಳಿ ನಮ್ಮ ಓಣಿಗೂ ಬಂತೇ? ಕೂತು ಬರೆದೇಬಿಟ್ಟೆ. ಎರಡು ಪುಟ. ತಲೆಬರಹ 'ಬನ್ನಿ ಬಾಡಿತು'. ಎಷ್ಟು ಚೆನ್ನಾಗಿ ಬಂದಿತ್ತೆಂದರೆ ಓದಿ ನಾನೇ ಕಣ್ಣೊರೆಸಿಕೊಂಡೆ. ದೀಪಾವಳಿಯ ವಾರ ಕಳಿಸೋಣ ಎಂದು ಇಟ್ಟುಕೊಂಡೆ.

ದೀಪಾವಳಿ ಹತ್ತಿರ ಬಂತು. ವಿಜಯಪುರದ ಹಾಸ್ಟೆಲಿನಿಂದ ಬರುವ ಮಗಳು ಕರಚಿಕಾಯಿ ಬೇಕೇ ಬೇಕು ಎಂದು ಮೊದಲೇ ಆರ್ಡರ್ ಹಾಕಿದ್ದಳು. ಹಿಟ್ಟು ನಾದಿ, ಒಣಕೊಬ್ಬರಿ ಸಕ್ಕರೆ ಕಲಸಿ, ಗ್ಯಾಸಿನ ಮೇಲೆ ಕಡಾಯಿ ಇಟ್ಟು ಎಣ್ಣೆ ಸುರಿದೆ. ಇನ್ನೇನು ಮೊದಲ ಕರಚಿಕಾಯಿ ಬಿಡಬೇಕು, ಹಿತ್ತಲ ಬಾಗಿಲಿನಿಂದ ಯಾರೋ ಸರಸರ ಒಳಗೆ ಬಂದರು.

ಮಾಲನ ಮಾವಶಿ! ಹಿಂದಿನ ದಿನವಷ್ಟೇ ಸೊಲ್ಲಾಪುರದಿಂದ ಬಂದಿದ್ದರಂತೆ. ಬಂದವರೇ ಗ್ಯಾಸ್ ಬಂದ್ ಮಾಡಿದರು.

ಕೈಯಲ್ಲಿ ಕರಚಿಕಾಯಿ ಹಿಡಿದು ನಾನು ನಿಂತೇ ಇದ್ದೆ. ಬರಲಿ, ಬೈಗುಳವಾದರೂ ಬರಲಿ ಅನಿಸಿತು. ಬೈಗುಳ ಬಂತು, ಆದರೆ ನಾನು ಕಾಯುತ್ತಿದ್ದದ್ದಲ್ಲ.

"ಏನ್ ನಡಸೀದಿ ಗಂಗಾ ಇದು? ನಿಮ್ಮತ್ತಿ ಹೋಗಿ ಇನ್ನಾ ವರ್ಷ ತುಂಬಿಲ್ಲ, ಮನ್ಯಾಗ ಎಣ್ಣಿ ಇಡತಿ?"

"ನಮ್ಮವರಿಗೆ ಸೂತಕ ಇಲ್ಲಂತ್ರಿ ಮಾವಶಿ" ಅಂದೆ ಮೆಲ್ಲಗೆ.

"ನಮ್ಮಾಗೂ ಮೂರ ದಿನಾನ ದುಃಖ. ಆದ್ರ ನಿಮ್ಮತ್ತಿ ನಮ್ಮನ್ನ ಬಿಟ್ಟಿದ್ಲೇನು?"

ಕತೆ ಆಗ ಹೊರಗೆ ಬಂತು. ನಾನು ಈ ಮನೆಗೆ ಬರುವ ಮೊದಲಿನದು. ಮಾಮಾನ ತಾಯಿ ತೀರಿಕೊಂಡ ವರ್ಷ ರಂಜಾನ್ ಬಂದಿದೆ. ಮಾಲನ ಮಾವಶಿ ಸುರಕುಂಬಾ ಮಾಡಲು ಸ್ಟೋ ಮೇಲೆ ಹಾಲು ಇಟ್ಟಿದ್ದಾರೆ. (ಶ್ಯಾವಿಗೆ, ಖರ್ಜೂರ ಹಾಕಿದ ಹಾಲಿನ ಪಾಯಸ. ಉಂಡವರಿಗೇ ಗೊತ್ತು.) ಇದೇ ಹಿತ್ತಲ ಬಾಗಿಲಿನಿಂದ ನಮ್ಮತ್ತೆ ಹೋಗಿ ಸ್ಟೋ ಆರಿಸಿದರಂತೆ. ದುಃಖದ ಮನೆಯವರು ವರ್ಷ ತುಂಬುವ ತನಕ ಎಣ್ಣೆ ಇಡಬಾರದು, ಸಿಹಿ ಕುದಿಸಬಾರದು, ಓಣಿಯವರು ತಂದುಕೊಟ್ಟದ್ದನ್ನು ತಿನ್ನಬೇಕು. ಅವರೆದುರು ಯಾರೂ ಹಬ್ಬದ ಮಾತು ಆಡಬಾರದು. ಇದು ಅತ್ತೆಯ ಕಾಯ್ದೆ. ನಮ್ಮ ಧರ್ಮದಲ್ಲಿ ಹಾಗಿಲ್ಲ ಅಕ್ಕಾ ಎಂದು ಮಾವಶಿ ಹೇಳಿನೋಡಿದರಂತೆ. ಧರ್ಮದ ಮಾತು ಯಾರು ಕೇಳಿದರು, ನಾನು ಓಣಿಯ ಮಾತು ಹೇಳಾಕತ್ತೀನಿ ಅಂದರಂತೆ ಅತ್ತೆ. ಅಂದು ಸುಮ್ಮನೆ ಬರಲಿಲ್ಲ. ನಮ್ಮ ಮನೆಯಲ್ಲೇ ಪಾತೇಲಿ ತುಂಬ ಸುರಕುಂಬಾ ಮಾಡಿ ಹೊತ್ತೊಯ್ದು ಕೊಟ್ಟರಂತೆ. ಸಕ್ಕರೆ ಬದಲು ಬೆಲ್ಲ ಹಾಕಿದ್ದರಿಂದ ಹಾಲು ಒಡೆದಿತ್ತಂತೆ. ಆ ಸಲದ ಈದಿಗೆ ಮಾಮಾನ ಮನೆಯವರೆಲ್ಲ ಆ ಒಡೆದ ಸುರಕುಂಬಾ ಉಂಡರಂತೆ.

ಹಾಗಾದರೆ ದಸರೆಗೆ ಮಾಮಾ ಬರದೇ ಇದ್ದದ್ದು... ಎಂದು ಕೇಳಹೊರಟೆ.

"ವರ್ಷದೊಳಗ ಬನ್ನಿ ಹೆಂಗ ಕೊಡ್ತಾರ? ಕೊಟ್ಟಿದ್ರ ನಿಮ್ಮತ್ತಿ ಮ್ಯಾಲಿಂದನ ಬೈತಿದ್ಲು. ಅಕ್ಕನ ಬಾಗಲಾ ದಾಟಿ ಬಂದೆ ಅಂತ ಫೋನ್‌ದಾಗ ಅತ್ತಾರ ಅವತ್ತ."

ನಾನು ಅಲ್ಲೇ ಮಣೆಯ ಮೇಲೆ ಕೂತೆ. ಎದೆಯ ಮೇಲಿನ ಕಲ್ಲು ಇಳಿಯಿತು ಅನ್ನುತ್ತಾರಲ್ಲ, ಅದು ಹೇಗೆ ಇಳಿಯುತ್ತದೆ ಎಂದು ಅವತ್ತು ಗೊತ್ತಾಯಿತು. ಅಳುವೂ ಬಂತು, ನಗುವೂ ಬಂತು. ನಮ್ಮ ನಂಟರು, ನಮ್ಮ ಬೀಗರು, ಹೊಟ್ಟೆಯಲ್ಲಿ ಹುಟ್ಟಿದ ಮಗ, ಕೈಹಿಡಿದು ತಂದ ಸೊಸೆ, ಯಾರಿಗೂ ನೆನಪಿಲ್ಲದ ಅತ್ತೆಯ ಕಾಯ್ದೆಯನ್ನು ನಡೆಸಿದವರು ಅವರಿಬ್ಬರೇ. ದಸರೆಗೆ ನೀ ಹೋಳಿಗಿ ಮಾಡಿದ್ದೂ ಗೊತ್ತೈತಿ, ನಾ ಊರಾಗ ಇದ್ದಿದ್ರ ಅದೂ ನಡೀತಿದ್ದಿಲ್ಲ ಎಂದು ಮಾವಶಿ ಇನ್ನೊಂದು ಏಟು ಕೊಟ್ಟರು.

ಅಷ್ಟರಲ್ಲಿ ಇರ್ಫಾನ್ ಬಂದ. ಎರಡೂ ಕೈಯಲ್ಲಿ ಸ್ಟೀಲ್ ಡಬ್ಬಿ. ಚಕ್ಕಲಿ, ಶೇವು, ಶಂಕರಪಾಳಿ, ಉಂಡಿ. ದುಃಖದ ಮನೆಗೆ ಓಣಿಯವರು ಕೊಡಬೇಕಾದ ಫರಾಳ. ಬೆಳಿಗ್ಗೆಯಿಂದ ಗೋಡೆಯಾಚೆ ಏನೋ ಕರಿಯುವ ವಾಸನೆ ಬರುತ್ತಿದ್ದದ್ದು ಇದಕ್ಕೇ ಎಂದು ಆಗ ತಿಳಿಯಿತು. ಡಬ್ಬಿಗಳನ್ನು ಕಟ್ಟೆಯ ಮೇಲಿಟ್ಟು ನಿಂತ. ಹಬ್ಬದ ಶುಭಾಶಯ ಹೇಳಲಿಲ್ಲ. ಅವನ ನಂಬಿಕೆಗೂ ಹೇಳುವಂತಿಲ್ಲ, ನಮ್ಮತ್ತೆಯ ಕಾಯ್ದೆಗೂ ಹೇಳುವಂತಿಲ್ಲ. ಇಬ್ಬರಿಗೂ ರಾಜಿಯಾಯಿತು ನೋಡಿ!

ಇನ್ನು ಮುಚ್ಚಿಟ್ಟು ಏನು ಮಾಡುವುದು? ಬರೆದದ್ದನ್ನು ಓದಿದ್ದೀಯಾ ಎಂದು ನಾನೇ ಕೇಳಿದೆ. ಓದಿದ್ದೇನೆ ಎಂದ. ಅಪ್ಪ, ಅಮ್ಮ? ಅವರು ಕಲಿತದ್ದು ಮರಾಠಿ ಸಾಲಿ. ಕನ್ನಡ ಪಟಪಟ ಮಾತಾಡುತ್ತಾರೆ, ಓದಲು ಬರುವುದಿಲ್ಲ. ಇವನು ಕನ್ನಡ ಸಾಲಿಯ ಹುಡುಗ, ಓದಿ ಮಡಚಿಟ್ಟಿದ್ದಾನೆ, ಮನೆಯಲ್ಲಿ ಒಂದು ಮಾತೂ ಎತ್ತಿಲ್ಲ. ನನ್ನ ಕಾಲಮ್ಮಿಗೆ ಮಾಮಾ ಸಿಟ್ಟಾಗಿದ್ದಾರೆ ಎಂದು ನಾನು ಅನ್ನ ಬಿಟ್ಟದ್ದೇ ಬಂತು. ಮಾಮಾನಿಗೆ ಅಂಥದೊಂದು ಕಾಲಮ್ಮು ಇದೆ ಎಂಬುದೇ ಗೊತ್ತಿರಲಿಲ್ಲ!

"ಛಲೋ ಬರದೀರಿ ಕಾಕು" ಎಂದ ಇರ್ಫಾನ್. ಡಬ್ಬಿಯ ಮುಚ್ಚಳ ತೆಗೆಯುತ್ತ, "ನಾ ಶುಭಾಶಯ ಅನ್ನಂಗಿಲ್ಲ ಅಂದಿದ್ದೆ. ಮನಿಗೆ ಬರಂಗಿಲ್ಲ ಅಂದಿದ್ನೇನ್ರಿ?"

ಅತ್ತೆಯ ಮಣ್ಣಿಗೆ ಕುಣಿ ತೋಡುವಾಗ, ಬೇಸಿಗೆಯ ಬಿಸಿಲಿನಲ್ಲಿ ಹಾರೆ ಹಿಡಿದವರಲ್ಲಿ ಇವನೂ ಒಬ್ಬ. ನಾನು ಬರೆದದ್ದರಲ್ಲಿ ಅದು ಇರಲಿಲ್ಲ. (ಪತ್ರಿಕೆಯಲ್ಲಿ ಜಾಗ ಕಡಿಮೆ ನೋಡಿ.) ತಪ್ಪಾಯಿತು ಎಂದೆ. ಇರಲಿ ಬಿಡ್ರಿ ಎಂದು ಒಂದು ಚಕ್ಕಲಿ ಮುರಿದು ಬಾಯಿಗೆ ಹಾಕಿಕೊಂಡ. ಅದೂ ನಮಗೆ ತಂದದ್ದರಲ್ಲೇ!

ನಾವೆಲ್ಲ ಯಾವಾಗಿನಿಂದ ಹೀಗಾದೆವು ಎಂದು ಯೋಚಿಸುತ್ತಿದ್ದೇನೆ. ಯಾರು ಯಾವ ಹಬ್ಬಕ್ಕೆ ಸ್ಟೇಟಸ್ ಹಾಕಿದರು, ಯಾರು ಹಾಕಲಿಲ್ಲ, ಯಾರು ಹಾಕಿ ಅಳಿಸಿದರು? ಶುಭಾಶಯ ಅನ್ನುವುದು ಸಂತೋಷಕ್ಕೆ ಹೇಳುವ ಮಾತಾಗಿತ್ತು, ಈಗ ಹಾಜರಿ ಕರೆದಂತಾಗಿದೆ. ನಾನಂತೂ ಈದಿಗೆ ಮುಬಾರಕ್ ಹೇಳುವವಳೇ, ಓಣಿಗೆಲ್ಲ ಕೇಳುವಂತೆ ಹೇಳುವವಳೇ. ನನಗೆ ಅದರಲ್ಲಿ ಖುಷಿ ಇದೆ. ಅವನು ನಮ್ಮ ಹಬ್ಬಕ್ಕೆ ಹೇಳುವುದಿಲ್ಲವೇ? ಬೇಡ, ನಗಲಿ. ಅವನ ನಗುವಿನಲ್ಲಿ ನನಗೆ ಕೊರತೆ ಕಂಡಿದ್ದು ಯಾಕೆ ಎಂದು ನಾನು ನನ್ನನ್ನೇ ಕೇಳಿಕೊಳ್ಳಬೇಕು.

'ಬನ್ನಿ ಬಾಡಿತು' ಎಂಬ ಆ ಎರಡು ಪುಟಗಳನ್ನು ಹರಿದು ಬಚ್ಚಲ ಒಲೆಗೆ ಹಾಕಿದೆ. ಚೆನ್ನಾಗಿ ಉರಿಯಿತು.

ದೀಪಾವಳಿಯ ಪಾಡ್ಯದ ಸಂಜೆ ಮಾಮಾ ಬಂದರು. ಹಬ್ಬದ ಮಾತು ಎತ್ತಲಿಲ್ಲ. ಅತ್ತೆ ಕೂರುತ್ತಿದ್ದ ಕಡೆ ಒಮ್ಮೆ ನೋಡಿ, ಗಾದಿಯಲ್ಲಿ ಗಂಟು ಎಲ್ಲಿತ್ತು ಎಂದು ಕೇಳಿದರು. ನನ್ನ ತಲೆಯೊಳಗೆ ಇತ್ತು ಎಂದೆ. ಬಹಳ ದಿನಗಳ ಮೇಲೆ ನಮ್ಮ ಪಡಸಾಲೆಯಲ್ಲಿ ಹಳೆಯ ನಗು ಕೇಳಿಸಿತು.

ಹಾಂ, ಒಂದು ಮಾತು ಉಳಿಯಿತು. ಅವತ್ತು ಮಾಲನ ಮಾವಶಿ ಎಣ್ಣೆ ಆರುವ ತನಕ ಕೂತು, ಅದನ್ನು ಡಬ್ಬಿಗೆ ಸುರಿದು, ಕಡಾಯಿಯನ್ನು ಬಗಲಲ್ಲಿ ಹಿಡಿದುಕೊಂಡು ಹೋದರು. ವರ್ಷ ತುಂಬಿದ ಮೇಲೆ ಕೊಡುತ್ತಾರಂತೆ, ನನ್ನ ಮೇಲೆ ನಂಬಿಕೆ ಇಲ್ಲವಂತೆ. ಹಿಟ್ಟು, ಹೂರಣ ಎಲ್ಲ ಅವರ ಮನೆಗೇ ಹೋಗಿ, ಮಗಳ ಕರಚಿಕಾಯಿ ಅಲ್ಲಿಂದಲೇ ಬಂತು. ನೀ ಇಟ್ಟ ಎಣ್ಣೆ ಇನ್ನೂ ಕಾಯಬೇಕಿತ್ತು, ಸೊಸೆಯಂದಿರಿಗೆ ಇಷ್ಟೂ ತಿಳಿಯುವುದಿಲ್ಲ ಎಂಬ ಮಾವಶಿಯ ಮಾತೂ ಜೊತೆಗೇ ಬಂತು.

ಅತ್ತೆ ಇಲ್ಲದ ಮನೆ ಹೇಗನಿಸುತ್ತದೆ ಎಂದು ಸಿಕ್ಕವರೆಲ್ಲ ಕೇಳುತ್ತಾರೆ. ಇಲ್ಲ ಅಂತ ಯಾರು ಹೇಳಿದ್ದು?