ಉರಿಗಾಂ ಬಂಗಲೆಯ ಸೆಕೆ

ಪುಟ್ಟಿ, ಚಿನ್ನು, ಎದುರಿಗೆ ಕೂತು ಹೇಳೆಂದರೆ ನನಗೆ ನಾಚಿಕೆ. ಅದಕ್ಕೇ ಬರೆಯುತ್ತಿದ್ದೇನೆ.

ತೊಂಬತ್ತರ ದಶಕದಲ್ಲಿ, ನಿಮ್ಮ ತಾತ ಹೋದ ಮೇಲೆ, ಉರಿಗಾಂನ ಹಳೇ ಬಂಗಲೆಯೊಂದರಲ್ಲಿ ಗುಡಿಸುವ ಕೆಲಸಕ್ಕೆ ಸೇರಿದೆ. ಚಿನ್ನದ ಗಣಿಯ ಬಿಳಿ ದೊರೆಗಳು ಬಿಟ್ಟುಹೋದ ಅದರಲ್ಲಿ ಆಗ ಹೆಂಗಸರ ಹೊಲಿಗೆ ತರಗತಿ ನಡೆಯುತ್ತಿತ್ತು. ಹಿಂದಿನ ಕೋಣೆಯಲ್ಲಿ ನಾನೂ ನಿಮ್ಮಮ್ಮನೂ ಇದ್ದೆವು. ಬಂಗಲೆ ತುಂಬ ಸೆಕೆ, ಫ್ಯಾನುಗಳು ಕರೆಂಟು ನುಂಗುತ್ತವೆ, ಕೆಡವಿ ಹೊಸದು ಕಟ್ಟೋಣ ಎಂದು ತರಗತಿ ನಡೆಸುತ್ತಿದ್ದ ಸಂಘದ ಸೆಕ್ರೆಟರಿ ಹಟ ಹಿಡಿದರು. ಕೆಡವಿದರೆ ನಮಗೆ ಬೇರೆ ಸೂರಿರಲಿಲ್ಲ.

ಪರೀಕ್ಷೆ ಮಾಡಲು ಬೆಂಗಳೂರಿನಿಂದ ಒಬ್ಬ ಇಂಜಿನಿಯರ್ ಹುಡುಗಿ ಬಂದಳು. ಗೋಡೆಯ ದಪ್ಪ, ಕಿಟಕಿಯ ಅಗಲ ಅಳೆದು, ಕಂಪ್ಯೂಟರಿನೊಳಗೆ ಬರೀ ಗೆರೆಗಳಲ್ಲಿ ಇನ್ನೊಂದು ಬಂಗಲೆ ಎಬ್ಬಿಸಿದಳು. ಯಾವ ಹೊತ್ತಿಗೆ ಎಷ್ಟು ಸೆಕೆ ಎಂದು ಅದು ಹೇಳುತ್ತದಂತೆ. ನಮ್ಮದಕ್ಕಿಂತ ಚೊಕ್ಕಟವಾಗಿತ್ತು, ಗುಡಿಸುವವಳೇ ಬೇಕಿರಲಿಲ್ಲ. ತಾಳೆ ನೋಡಲು ನಾಲ್ಕು ಗಾಜಿನ ಥರ್ಮಾಮೀಟರು ಗೋಡೆಗೆ ನೇತುಹಾಕಿ, ದಿನಕ್ಕೆ ಮೂರು ಸಲ ಬರೆದಿಡಲು ನನಗೆ ಹೇಳಿ ಹೋದಳು.

ತಿಂಗಳಾದ ಮೇಲೆ ಬಂದು ನೋಡಿದರೆ ನನ್ನ ಅಂಕಿಗಳು ಕಂಪ್ಯೂಟರಿನದಕ್ಕಿಂತ ತೀರಾ ಕಡಿಮೆ. ಏಪ್ರಿಲ್‌ನಲ್ಲೇ ಉರಿಗಾಂ ಊಟಿಯಾಗಿತ್ತು. ಹಳ್ಳಿ ಸ್ಕೂಲಿನವಳಿಗೆ ಅಂಕಿ ಓದಲು ಬರುತ್ತದೆಯೇ ಎಂದು ಸೆಕ್ರೆಟರಿ ಹಂಗಿಸಿದರು. ಹುಡುಗಿ ಮಾತ್ರ, "ಅಮ್ಮ ಸರಿಯಾಗೇ ಬರೆದಿದ್ದಾರೆ, ತಪ್ಪು ನನ್ನದೇ ಇರಬೇಕು," ಎಂದು ಊಟ ಬಿಟ್ಟು ಮತ್ತೆ ಗೋಡೆ ಅಳೆಯತೊಡಗಿದಳು.

ಕಾರಣ ನನಗೆ ಗೊತ್ತಿತ್ತು. ಆದರೆ ತಂಪಾದ ಬಂಗಲೆಯನ್ನು ಯಾರು ಕೆಡವುತ್ತಾರೆ? ಎರಡು ದಿನ ಬಾಯಿ ಬಿಡಲಿಲ್ಲ. ಮೂರನೆಯ ದಿನ ಅವಳ ಮುಖ ನೋಡಲಾಗಲಿಲ್ಲ.

"ಮೇಡಮ್ಮೋರೇ, ಸೆಕೆಗೆ ಗಾಜು ಒಡೆದೋಯ್ತದೆ ಅಂತ ಒದ್ದೆ ಬಟ್ಟೆ ಸುತ್ತಿದ್ದೆ. ನೀವ್ ಬತ್ತೀರ ಅಂತ ಬಿಚ್ಚಿಟ್ಟೆ."

"ನಾಲ್ಕಕ್ಕೂನಾ?"

"ಒಂದಕ್ಕೆ ಸುತ್ತಿ ಇನ್ನೊಂದುನ್ನ ಬಿಡಾದು ಪಾಪ ಅಲ್ವಾ?"

ಅವಳು ಮೇಜಿನ ಮೇಲೆ ತಲೆಯಿಟ್ಟಳು. ಅಳುತ್ತಿದ್ದಾಳೆಂದುಕೊಂಡೆ, ನಗುತ್ತಿದ್ದಳು.

ಬಟ್ಟೆಯಿಲ್ಲದೆ ಒಂದು ವಾರ ಬರೆದೆ. ಕಂಪ್ಯೂಟರು ಹೇಳಿದಷ್ಟೇ ಸೆಕೆ. ನಾನು ಪಾತ್ರೆ ಮೂಟೆ ಕಟ್ಟತೊಡಗಿದೆ. ಅವಳು ಇನ್ನೊಂದು ಲೆಕ್ಕ ಹಾಕುತ್ತಿದ್ದಳು, ಹೊಗೆಯದು. ಈ ಇಟ್ಟಿಗೆ ಸುಟ್ಟ ಹೊಗೆ ಎಂದೋ ಹೋಗಿಯಾಗಿದೆ. ಹೊಸ ಕಟ್ಟಡಕ್ಕೆ ಮತ್ತೆ ಇಟ್ಟಿಗೆ ಸುಡಬೇಕು, ಸಿಮೆಂಟು ತರಬೇಕು. ಕರೆಂಟಿಗೂ ಕಲ್ಲಿದ್ದಲು ಸುಡುತ್ತಾರಲ್ಲ, ಅಷ್ಟೇ ಹೊಗೆಯ ಕರೆಂಟಿನಲ್ಲಿ ಈ ಫ್ಯಾನುಗಳು ಎಷ್ಟೋ ವರ್ಷ ತಿರುಗುತ್ತವಂತೆ. ಸೂರಿನಡಿಯ ಗಾಳಿಕಿಂಡಿಗಳನ್ನು ತೆರೆದರೆ ಸಾಕು, ಕೆಡವಬೇಡಿ ಎಂದು ಬರೆದುಕೊಟ್ಟಳು. ಪಾರಿವಾಳ ಬರುತ್ತವೆಂದು ಆ ಕಿಂಡಿಗಳಿಗೆ ಹಲಗೆಯಿಟ್ಟು ಮೊಳೆ ಹೊಡೆಸಿದ್ದವರು ಸೆಕ್ರೆಟರಿಯೇ. ಅವರು ಮತ್ತೆ ಕೆಡವುವ ಮಾತೆತ್ತಲಿಲ್ಲ.

ಕಿಂಡಿ ತೆರೆದರು. ಸೆಕೆ ಹೊರಗೆ ಹೋಯಿತು, ಪಾರಿವಾಳ ಒಳಗೆ ಬಂದವು. ವರ್ಷಗಟ್ಟಲೆ ಅವುಗಳ ಹಿಕ್ಕೆ ಕೆರೆದೆ. ನಿಮ್ಮಮ್ಮ ಆ ಕೋಣೆಯಲ್ಲೇ ಓದಿ ಎಸ್ಸೆಸ್ಸೆಲ್ಸಿ ಪಾಸಾದಳು.

ಈ ಹಾಳೆಗಳನ್ನು ಬೋಂಡಾ ಕಟ್ಟುವವನ ಕೈಗೆ ಹೋಗಗೊಡದೆ ಬೀರುವಿನಲ್ಲಿ ಜೋಪಾನವಾಗಿಡಿ.