ಮಾಸ್ತಮ್ಮನ ತಡೆಯಾಜ್ಞೆ

೧೯೮೧ರಲ್ಲಿ ನಾನು ಕುಮಟೆಯ ಮುನ್ಸಿಫ್ ಕೋರ್ಟಿನಲ್ಲಿ ವಕೀಲಿಕೆ ನಡೆಸುತ್ತಿದ್ದೆ. ವಕೀಲರು ಹೆಂಗಸು ಎಂಬ ಕಾರಣಕ್ಕೇ ಕೆಲವರು ನನ್ನನ್ನು ಹುಡುಕಿಕೊಂಡು ಬರುತ್ತಿದ್ದರು. ಅಘನಾಶಿನಿ ಊರಿನ ಮಾಸ್ತಮ್ಮ ಬಂದದ್ದೂ ಹಾಗೆಯೇ.

ಹೊಳೆಯ ನೀರು ಇಳಿದಾಗ ಬಳಚು ಎಂಬ ಚಿಪ್ಪುಮೀನು ಆರಿಸಿ ಮಾರುತ್ತಿದ್ದವಳು. ಗಂಡ ಹೊನ್ನಪ್ಪ ಮೀನು ಬೋಟಿನ ಕೆಲಸಗಾರ. ಕುಡಿದು ಬಂದು ಹೊಡೆದು ಅವಳ ಎಡಗೈ ಮುರಿದಿದ್ದ. ಆಕೆ ಭಟ್ಕಳದ ಕಡೆಯ ಬೆಳಕೆಯಲ್ಲಿ ಅಕ್ಕನ ಮನೆ ಸೇರಿ ವರ್ಷವಾಗುತ್ತ ಬಂದಿತ್ತು.

ಹೊಡೆಯುವ ಗಂಡನನ್ನು ದೂರ ಇಡಲು ಆಗ ಪ್ರತ್ಯೇಕ ಕಾನೂನು ಇರಲಿಲ್ಲ. ಇಂಥವರಿಗೆ ವಕೀಲರು ಸಾಮಾನ್ಯವಾಗಿ ಹೇಳುತ್ತಿದ್ದುದು ದಂಡ ಪ್ರಕ್ರಿಯಾ ಸಂಹಿತೆಯ ೧೨೫ನೇ ಕಲಮಿನ ಜೀವನಾಂಶವನ್ನು. ನಾನೂ ಅದನ್ನೇ ಹೇಳಿದೆ.

“ದುಡ್ಡ ತಕಂಡು ಎಂತ ಮಾಡೂದು ಅಕ್ಕೋರೆ? ನಂಗೆ ನನ್ನ ಮನೆ ಬೇಕು,” ಎಂದಳು. “ಅಕ್ಕ ಚಲೋ ನೋಡ್ಕಂತದೆ. ಆದ್ರೆ ಎಚ್ಚರಾದ ಕೂಡ್ಲೆ ಹೊಳೆ ನೀರು ಇಳಿತಾ ಅಂತ ಕೇಳ್ತೆ. ಅಲ್ಲಿ ನಮ್ಮ ಹೊಳೆ ಎಲ್ಲದೆ?”

ಮನೆ ಯಾರ ಹೆಸರಿನಲ್ಲಿದೆ ಎಂದು ವಿಚಾರಿಸಿದಾಗ ದಾರಿ ಕಂಡಿತು. ಅದು ತಾಯಿ ಅವಳಿಗೆ ದಾನಪತ್ರ ಮಾಡಿ ಕೊಟ್ಟ ಮನೆ. ಹೊನ್ನಪ್ಪ ಮದುವೆಯಾಗಿ ಅಲ್ಲಿಗೆ ಬಂದವನು. ಆದರೆ ಇಂಜಂಕ್ಷನ್, ಅಂದರೆ ತಡೆಯಾಜ್ಞೆ, ಸಾಮಾನ್ಯವಾಗಿ ಸಿಗುವುದು ಆಸ್ತಿಯ ಸ್ವಾಧೀನದಲ್ಲಿರುವವರಿಗೆ. ಹಾಗಾಗಿ ಆಕೆ ಮೊದಲು ಮನೆಯೊಳಗೆ ಇರಬೇಕಿತ್ತು. ಹೊನ್ನಪ್ಪ ಬೀಗ ಹಾಕಿಕೊಂಡು ಗೋವೆಯ ಬೋಟಿಗೆ ಹೋಗಿದ್ದ.

“ಹೋಗಿ ಒಲೆ ಹಚ್ಚು. ಆಮೇಲೆ ದಾವೆ ಹಾಕುವ,” ಎಂದೆ.

ಅಕ್ಕನೊಂದಿಗೆ ಹೋಗಿ, ನೆರೆಯವರ ಎದುರಿಗೇ ಬೀಗ ಒಡೆಸಿ ಒಳಸೇರಿದಳು.

ದಾವೆ ಹಾಕಿದಾಗ ನ್ಯಾಯಾಧೀಶರು ಹಿಂಜರಿದರು. ಗಂಡನ ಮೇಲೆ ಹೆಂಡತಿ ತಡೆಯಾಜ್ಞೆ ಕೇಳಿದ್ದನ್ನು ಅವರು ಕಂಡಿರಲಿಲ್ಲ. “ನಿನಗೆ ಗಂಡ ಬೇಡವೇನಮ್ಮ?” ಎಂದು ಅವಳನ್ನೇ ಕೇಳಿದರು.

“ಬೇಕು ಸಾಯೇಬ್ರೆ. ಹೊಡೂದು ಬೇಡ.”

ದಾವೆ ಮುಗಿಯುವವರೆಗೆ ಹೊನ್ನಪ್ಪ ಆ ಮನೆ, ಅಂಗಳ ಪ್ರವೇಶಿಸಕೂಡದೆಂದು ಆದೇಶವಾಯಿತು.

ಮಳೆಗಾಲಕ್ಕೆ ಬೋಟುಗಳು ನಿಂತಾಗ ಅವನು ಊರಿಗೆ ಬಂದ. ಕೋರ್ಟಿನ ಬೇಲಿಫ್ ಬೇಲಿಯ ಹೊರಗೇ ಆದೇಶ ಓದಿ ಹೇಳಿದ. ಹೊನ್ನಪ್ಪ ಕೂಗಾಡಿ ಬೇಲಿಬಾಗಿಲ ದಣಪೆಯ ಗಳ ಸರಿಸಲು ಕೈ ಹಾಕಿದ. ಮಾಸ್ತಮ್ಮ ಬಾಗಿಲಲ್ಲಿ ನಿಂತಿದ್ದಳು. “ಒಳಗೆ ಬರ್ಬೇಡ. ಬಂದ್ರೆ ಜೈಲಿಗೆ ಹಾಕ್ತ್ರು,” ಎಂದಳಂತೆ, “ನಿನ್ನ ಜೈಲಲ್ಲಿ ನೋಡೂಕೆ ನಂಗೆ ಆಗೂದಿಲ್ಲ.” ಅವನು ದಣಪೆಯಿಂದ ಕೈ ತೆಗೆದು, ತನ್ನ ಅಣ್ಣನ ಮನೆಯ ಕಡೆ ನಡೆದ.

ದಾವೆ ಅವಳ ಪರವಾಗಿಯೇ ಮುಗಿದು ತಡೆಯಾಜ್ಞೆ ಕಾಯಂ ಆಯಿತು. ತೀರ್ಪಿನ ದಿನ ಕೋರ್ಟಿನ ಜಗಲಿಯ ಆ ತುದಿಯಲ್ಲಿ ಕೂತಿದ್ದ ಗಂಡನನ್ನೇ ಆಕೆ ನೋಡುತ್ತಿದ್ದಳು. “ಎಷ್ಟು ಸೊರಗಿದಾನೆ,” ಎಂದಳು. ಆಮೇಲೆ ದನಿ ತಗ್ಗಿಸಿ, “ಅಕ್ಕೋರೆ, ಅವ ಕುಡೂದು ಬಿಟ್ರೆ ಈ ಆರ್ಡರು ತೆಗಿಲಕ್ಕೆ ಆತದ್ಯ?”

“ನೀನಾಗಿ ಕರೆದರೆ ಅದು ಅಡ್ಡ ಬರುವುದಿಲ್ಲ,” ಎಂದೆ.

ಹೊನ್ನಪ್ಪ ಕುಡಿತ ಬಿಡಲಿಲ್ಲ. ಹೊಳೆಯ ಮೇಲೆ ಎಲ್ಲಾದರೂ ಅವನ ದನಿ ಕೇಳಿದರೆ ಬಳಚು ಆರಿಸುವ ಕೈ ನಿಂತುಬಿಡುತ್ತದೆ ಎಂದು ಆಕೆ ಒಮ್ಮೆ ಹೇಳಿದ್ದಳು. ಆದರೂ ಅವನನ್ನು ಕರೆಯಲಿಲ್ಲ.

ಆಮೇಲಿನ ವರ್ಷಗಳಲ್ಲಿ ಹೆಂಗಸರು ಬಂದು ಕೂತಾಗ, ಕಲಮು ಹೇಳುವ ಮೊದಲು ಏನು ಬೇಕೆಂದು ಕೇಳುತ್ತಿದ್ದೆ. ಹಲವರು ಮನೆ ಎನ್ನುತ್ತಿದ್ದರು. ಆಮೇಲೆ, ಗಂಡ ಮೊದಲಿನ ಹಾಗಾದರೆ ಸಾಕು ಎನ್ನುತ್ತಿದ್ದರು. ಮನೆಯನ್ನು ಕೆಲವರಿಗೆ ಕೋರ್ಟಿನಿಂದ ಕೊಡಿಸಿದ್ದೇನೆ. ಇನ್ನೊಂದಕ್ಕೆ ಅರ್ಜಿ ಇಲ್ಲವೆಂದು ಹೇಳಿ, ಎದ್ದು ಹೋಗದೆ ಅವರ ಎದುರು ಕೂತಿರುವುದನ್ನೂ ಈ ವೃತ್ತಿ ನನಗೆ ಕಲಿಸಿತು.